ಲಂಟಾನ ತೆಗೆದು ಹುಲ್ಲು ಬರಿಸಿದ್ದು: ನನ್ನ ಅನುಭವ

ವನ್ಯಜೀವಿ ವಿಜ್ಞಾನ ಓದಿದವರ ಪಾಡು ನಿಮಗೆ ಗೊತ್ತೇ ಇದೆ. ಪ್ರಾಜೆಕ್ಟ್ ಇರುವವರೆಗೆ ಸಂಬಳ, ಆಮೇಲೆ ಮತ್ತೆ ಅರ್ಜಿ. ಕಾಡುಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕೆಲಸ ಬಿಟ್ಟು, ಲಂಟಾನ ಎಂಬ ಹೊರಗಿನಿಂದ ಬಂದ ಪೊದೆಕಳೆ ತೆಗೆಯುವ ಗುತ್ತಿಗೆ ಹಿಡಿದಾಗ ಜೊತೆಯವರು, ‘ಎಂಎಸ್ಸಿ ಮಾಡಿ ಕಳೆ ಕೀಳ್ತೀಯಾ?’ ಅಂದರು. ಈಗ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಒಂದು ಪಟ್ಟಾ ಜಮೀನಿನಲ್ಲಿ ಹತ್ತು-ಹನ್ನೆರಡು ಎಕರೆ ಹುಲ್ಲು ನಿಂತಿದೆ. ಮೂರು ಮಳೆಗಾಲ ದಾಟಿದೆ.

ಅಲ್ಲಿ ಮೊದಲು ಮಚ್ಚಿನಲ್ಲಿ ಸವರಿಸಿದ್ದರು. ಬುಡಕ್ಕೆ ಹತ್ತು ಚಿಗುರು. ಆಮೇಲೆ ಜೆಸಿಬಿ ಬಿಟ್ಟರು. ಮಣ್ಣೆಲ್ಲ ಅಡಿಮೇಲಾಗಿ, ಮುಂದಿನ ಮಳೆಗೆ ಮೊದಲಿಗಿಂತ ದಟ್ಟ ಪೊದೆ. ನಾನು ಹಿಡಿದದ್ದು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ಉತ್ತರಾಖಂಡದ ಹುಲಿಕಾಡು ಕಾರ್ಬೆಟ್‌ನಲ್ಲಿ ಮಾಡಿ ತೋರಿಸಿದ ದಾರಿ: ನೆಲದಿಂದ ಒಂದೆರಡು ಇಂಚು ಕೆಳಗೆ ತಾಯಿಬೇರು ಕಡಿದು, ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡುವುದು. ಸೋಲಿಗ ಹೆಂಗಸರ ಕೈಗೆ ಇದು ಬೇಗ ಒಗ್ಗಿತು. ಗುದ್ದಲಿಯ ಬಾಯಿ ಕಿರಿದು ಮಾಡಿಸಿದ ಮೇಲೆ ಇನ್ನೂ ಸಲೀಸು. ಅಳತೆ ಮಾತ್ರ ಈಗಲೇ ಹೇಳಲ್ಲ.

ಮೊದಲ ಸುತ್ತಿಗೆ ಎಕರೆಗೆ ಹದಿನಾರು-ಹದಿನೇಳು ಸಾವಿರ ಬಿತ್ತು, ಬಹುಪಾಲು ಕೂಲಿಯೇ. ಎರಡನೇ ವರ್ಷಕ್ಕೆ ನಾಲ್ಕು ಸಾವಿರದ ಆಸುಪಾಸು. ಕೆಲಸ ಕೆಡುವುದು ಈ ನಾಲ್ಕು ಸಾವಿರಕ್ಕೇ. ಜಾಗ ಚೊಕ್ಕವಾಗಿ ಕಂಡ ಕೂಡಲೇ ಮಾಲೀಕರು, ‘ಇನ್ನೇನಿದೆ, ಮುಗೀತಲ್ವಾ’ ಅಂತಾರೆ. ಪಿಕಳಾರ ಹಕ್ಕಿಗಳು ಲಂಟಾನದ ಹಣ್ಣು ತಿಂದು ಬಂದು ಕೂರುವ ಮರಗಳ ಕೆಳಗೆ ಸಸಿ ಒತ್ತಾಗಿ ಏಳುತ್ತವೆ. ತೆರವಾದ ಕಡೆ ಯುಪಟೋರಿಯಂ ಎಂಬ ಇನ್ನೊಂದು ಕಳೆ ನುಗ್ಗುತ್ತದೆ. ನನಗೂ ಆ ಎರಡನೇ ವರ್ಷದ ಕಂತು ಮಾಲೀಕರಿಂದ ಬರಲೇ ಇಲ್ಲ. ಮೂವತ್ತು ಸಾವಿರದಷ್ಟು ಕೈಯಿಂದ ಹಾಕಿ ಕೀಳಿಸಿದೆ. ಬಿಟ್ಟಿದ್ದರೆ ಮೊದಲ ವರ್ಷದ ದುಡ್ಡೂ ಮಣ್ಣುಪಾಲು. ಈಗ ಮೂರು ವರ್ಷದ ಒಪ್ಪಂದಕ್ಕೆ ಸಹಿ ಬಿದ್ದು, ಎರಡನೇ ವರ್ಷದ ದುಡ್ಡು ಮುಂಗಡ ಬಂದರೆ ಮಾತ್ರ ಗುದ್ದಲಿ ಎತ್ತುತ್ತೇನೆ.

ಕರಡ ಹುಲ್ಲಿನ ಬೀಜ ಸುಮ್ನೆ ಎರಚಿದ್ದನ್ನು ಇರುವೆ ಹೊತ್ತೊಯ್ದವು. ಮರುವರ್ಷ ಬೇರೆ ಥರ ಬಿತ್ತಿ, ಒಣಗಿದ ಲಂಟಾನವನ್ನೇ ಮೇಲೆ ಹರಡಿದೆ. ದನ ಬಾಯಿ ಹಾಕಲಿಲ್ಲ, ಹುಲ್ಲು ಕಚ್ಚಿಕೊಂಡಿತು. ಬೀಜಕ್ಕೆ ಏನು ಬೆರೆಸಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಗುಂಡಿ ತೋಡಿ ಇದ್ದಿಲನ್ನೂ ಸುಟ್ಟೆವು. ಇದ್ದಿಲು ಚೆನ್ನಾಗಿಯೇ ಬಂತು, ಸಾಗಿಸುವ ಬಾಡಿಗೆ ಗಿಟ್ಟಲಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಮೇಜು, ಆಳೆತ್ತರದ ಆನೆಗಳನ್ನೂ ಮಾಡುತ್ತಾರೆ. ಆ ಕಸುಬುದಾರಿಕೆ ಬೇರೆಯೇ. ನೇರ ಕಡ್ಡಿ ಆರಿಸಿ ಅಂಥವರಿಗೆ ಕೊಡುವುದೇ ಮೇಲು.

ಖರ್ಚು ಕಳೆದು ಉಳಿಯುವುದು ಹಳೆಯ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ. ಈ ವರ್ಷ ಇಬ್ಬರು ಬೇಕಾಗಿದ್ದಾರೆ. ಹೂ ಬಿಡುವ ಮುಂಚೆಯೇ ಹುಲ್ಲು ಗುರುತಿಸಬೇಕು, ಶನಿವಾರದ ಬಟವಾಡೆಯ ಲೆಕ್ಕ ಬರೆಯಲು ಬರಬೇಕು. ಹುಲಿ ನೋಡಲೆಂದೇ ಬರುವವರು ಬೇಡ.