ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನವೇ? ಮೊದಲು ಆಸ್ಪತ್ರೆಗೆ ಹೋಗಿ

ಮಗು ತಾನೇ ಬಾಯಿಬಿಟ್ಟಿರಬಹುದು, ಬಟ್ಟೆಯ ಮೇಲಿನ ಕಲೆ ಕಂಡು ನಿಮಗೇ ಅನುಮಾನ ಬಂದಿರಬಹುದು. ಗಾಬರಿಯಲ್ಲಿ ಮನೆಯವರು ಮೊದಲು ಮಗುವಿಗೆ ಸ್ನಾನ ಮಾಡಿಸುತ್ತಾರೆ, ಆಮೇಲೆ ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪ ಎಲ್ಲರೂ ಸುತ್ತ ಕೂತು ಅದನ್ನೇ ಕೆದಕಿ ಕೆದಕಿ ಕೇಳುತ್ತಾರೆ. ದಯವಿಟ್ಟು ಇವೆರಡೂ ಬೇಡ. ‘ಹೇಳಿದ್ದು ಒಳ್ಳೆಯದಾಯಿತು ಕಂದಾ, ನಿನ್ನದೇನೂ ತಪ್ಪಿಲ್ಲ’ ಎನ್ನಿ. ಮಗು ಏನು ಹೇಳಿತೋ ಅದನ್ನು ಅದರ ಮಾತಿನಲ್ಲೇ ಬರೆದಿಡಿ. ತಿದ್ದಬೇಡಿ, ಸೇರಿಸಬೇಡಿ.

ಆಗ ತೊಟ್ಟಿದ್ದ ಬಟ್ಟೆ, ಒಳಉಡುಪುಗಳನ್ನು ತೊಳೆಯಬೇಡಿ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿಗೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿದು ಬೂಸ್ಟು ಹಿಡಿಯುತ್ತದೆ, ಡಿಎನ್‌ಎ ಕುರುಹು ಹಾಳಾಗುತ್ತದೆ. ಸ್ನಾನ ಆಗಿಹೋಗಿದ್ದರೂ, ಬಟ್ಟೆ ತೊಳೆದಿದ್ದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ.

ಹೊತ್ತು ಮುಖ್ಯ. ಎಚ್‌ಐವಿ ಸೋಂಕು ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಮೈಮೇಲಿನ ಸ್ವ್ಯಾಬ್ (ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದ) ಮಾದರಿಗಳನ್ನು ಸಾಮಾನ್ಯವಾಗಿ 96 ಗಂಟೆಯೊಳಗೆ ತೆಗೆಯುತ್ತಾರೆ. ತಿಂಗಳುಗಳೇ ಕಳೆದಿದ್ದರೂ ಚಿಕಿತ್ಸೆ, ತಪಾಸಣೆ ಎರಡಕ್ಕೂ ಅರ್ಥವಿದೆ.

ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ‘ಪೊಲೀಸ್ ಪತ್ರ ತನ್ನಿ’ ಎಂದರೆ ಹಿಂದಿರುಗಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 27ನೇ ಕಲಂ ಪ್ರಕಾರ ಎಫ್‌ಐಆರ್ ಆಗದಿದ್ದರೂ ತಪಾಸಣೆ ಮಾಡಬೇಕು. ತುರ್ತು ಚಿಕಿತ್ಸೆಗೆ ಯಾವ ಕಾಗದವನ್ನೂ ಕೇಳುವಂತಿಲ್ಲ ಎಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಖಾಸಗಿ ಆಸ್ಪತ್ರೆಯಾದರೂ ಚಿಕಿತ್ಸೆ ಉಚಿತ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕಾನೂನುಬದ್ಧ ಕರ್ತವ್ಯ, ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಂಡಿರಿ. ಗಂಡು ಮಗುವಾದರೂ ಇದೇ ಹಕ್ಕು, ಇದೇ ಕ್ರಮ. ಗಂಡುಮಕ್ಕಳ ವಿಷಯದಲ್ಲಿ ಮನೆಯವರು ಸುಮ್ಮನಾಗಿಬಿಡುವುದು ನನಗೆ ತುಂಬ ನೋವಿನ ಸಂಗತಿ.

ಹೆಣ್ಣು ಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಅಪ್ಪ, ಅಮ್ಮ ಅಥವಾ ಮಗು ನಂಬುವ ಯಾರಾದರೂ ಪಕ್ಕದಲ್ಲಿರಬೇಕು. ಹನ್ನೆರಡು ದಾಟಿದ ಮಗುವಿನ ಒಪ್ಪಿಗೆಯನ್ನು ಅದರಿಂದಲೇ ಪಡೆಯುತ್ತಾರೆ. ಬೇಡವೆಂದ ಪರೀಕ್ಷೆ ಬಿಡಬೇಕು, ಚಿಕಿತ್ಸೆ ಮಾತ್ರ ನಿಲ್ಲಕೂಡದು. ವೈದ್ಯರು ತಲೆಯಿಂದ ಕಾಲಿನವರೆಗೆ ನೋಡಿ ಗಾಯ ಗುರುತಿಸುತ್ತಾರೆ. ಉಗುರಿನ ಸಂದಿಯಿಂದ, ಮಗು ತೋರಿಸಿದ ಜಾಗದಿಂದ ಹತ್ತಿಯ ಸ್ವ್ಯಾಬ್‌ನಲ್ಲಿ ಮಾದರಿ ತೆಗೆದು, ಆರಿಸಿ, ಸೀಲ್ ಮಾಡಿ ಪೊಲೀಸರಿಗೆ ಕೊಡುತ್ತಾರೆ. ಅದು ಬೆಂಗಳೂರಿನ ಮಡಿವಾಳದಲ್ಲಿರುವಂಥ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವಂತಿಲ್ಲ; ಮಾಡಿದವರದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ.

ವರದಿಯಲ್ಲಿ ‘ಗಾಯಗಳಿಲ್ಲ’ ಎಂದಿದ್ದರೆ ಎದೆಗುಂದಬೇಡಿ, ಮಗುವನ್ನಂತೂ ಅನುಮಾನಿಸಲೇಬೇಡಿ. ಹೆಚ್ಚಿನ ಮಕ್ಕಳಲ್ಲಿ ಗಾಯ ಕಾಣುವುದೇ ಇಲ್ಲ. ಮೃದು ಚರ್ಮ ಬೇಗ ಮಾಯುತ್ತದೆ, ಎಷ್ಟೋ ಬಗೆಯ ದೌರ್ಜನ್ಯ ಗುರುತನ್ನೇ ಬಿಡುವುದಿಲ್ಲ.

ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯುವಂತೆ ಪೊಲೀಸರನ್ನು ಕೇಳಬಹುದು. ಅಧಿಕಾರಿ ಸಮವಸ್ತ್ರದಲ್ಲಿ ಬರುವಂತಿಲ್ಲ. ಆದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಅಥವಾ ಮೇಲಿನ ಹುದ್ದೆಯವರೇ ಬರಬೇಕು. ಕೋರ್ಟು ಮುಗಿಯುವವರೆಗೆ ಜೊತೆಗಿರುವ ‘ಬೆಂಬಲ ವ್ಯಕ್ತಿ’ಗಾಗಿ ಮಕ್ಕಳ ಕಲ್ಯಾಣ ಸಮಿತಿಯನ್ನು, ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸಿ. ಏನೂ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಎಚ್‌ಐವಿ ತಡೆಯುವ ಮಾತ್ರೆ ಶುರುವಾಗಿದ್ದರೆ 28 ದಿನವೂ ತಪ್ಪದೆ ಕೊಡಿ. ಮತ್ತೆ ರಕ್ತ ಪರೀಕ್ಷೆಗೆ ಬರಬೇಕಾದ ದಿನಾಂಕಗಳನ್ನು, ಆಪ್ತ ಸಮಾಲೋಚಕರ ಫೋನ್ ನಂಬರನ್ನು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಬರೆಸಿಕೊಳ್ಳಿ.