ಶ್ವಾಸಕೋಶದ ಸ್ಕ್ಯಾನ್: ಕಲೆ ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿದೆ ನೋಡಿ

ಬಿಡದ ಒಣಕೆಮ್ಮು, ಏರು ಹತ್ತಿದರೆ ಏದುಸಿರು ಎಂದು ಸಕಲೇಶಪುರ, ಬೇಲೂರಿನ ಕಡೆಯಿಂದ ಹಾಸನಕ್ಕೆ ಬಂದವರಿಗೆ ಎಚ್‌ಆರ್‌ಸಿಟಿ (ಶ್ವಾಸಕೋಶವನ್ನು ತೆಳು ಹೋಳುಗಳಾಗಿ ತೋರಿಸುವ ಸಿ.ಟಿ. ಸ್ಕ್ಯಾನ್) ಬರೆದುಕೊಡುತ್ತಾರೆ. ಹುಡುಕುವುದು ಕಲೆಯನ್ನು, ಅಂದರೆ ಗಾಯ ಮಾಗಿದಂತೆ ಗಟ್ಟಿಯಾದ ಶ್ವಾಸಕೋಶದ ಭಾಗವನ್ನು. ರಿಪೋರ್ಟಿನ ಕೊನೆಯ ಸಾಲಿಗೆ ಹೋಗುವ ಮೊದಲು ಚಿತ್ರ ಸರಿಯಾಗಿ ಬಂದಿದೆಯೇ ನೋಡಬೇಕು.

ಹೋಳು 1.5 ಮಿ.ಮೀ. ದಪ್ಪ ಮೀರಬಾರದು, 5 ಮಿ.ಮೀ. ಆದರೆ ಕಲೆಯೊಳಗಿನ ಸಣ್ಣ ಗಾಳಿಗೂಡುಗಳು ಕಲಸಿಹೋಗುತ್ತವೆ. ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಿಲ್ಲ. ಉಸಿರು ಪೂರ್ತಿ ಎಳೆದು ಹಿಡಿದಿರಬೇಕು, ಎಡವಟ್ಟಾಗುವುದು ಇಲ್ಲೇ. ಅರ್ಧ ಉಸಿರಿನಲ್ಲಿ ತೆಗೆದರೆ ಚೆನ್ನಾಗಿರುವ ಶ್ವಾಸಕೋಶವೂ ಮಂಜು ಕವಿದಂತೆ ಕಾಣುತ್ತದೆ. ಶ್ವಾಸನಾಳದ ಹಿಂಭಿತ್ತಿ ನೋಡಿದರೆ ಗೊತ್ತಾಗುತ್ತದೆ: ಹೊರಕ್ಕೆ ಉಬ್ಬಿದ್ದರೆ ಉಸಿರು ತುಂಬಿದೆ, ಒಳಕ್ಕೆ ಬಾಗಿದ್ದರೆ ಬಿಟ್ಟುಬಿಟ್ಟಿದ್ದಾರೆ. ಬೆನ್ನಿನ ಬದಿಯಲ್ಲಷ್ಟೇ ಮಸುಕಿದ್ದರೆ ಬೋರಲು ಮಲಗಿಸಿ ಮತ್ತೆ ತೆಗೆಯಬೇಕು. ಮಸುಕು ಹೋದರೆ ಅದು ಕಲೆಯಲ್ಲ, ಮಲಗಿದ ಭಾರದ್ದು.

ಮುಂದಿನದು ಜಾಗ. ಕಲೆ ಎರಡೂ ಕಡೆ, ತಳದಲ್ಲಿ, ಪ್ಲೂರಾಕ್ಕೆ (ಶ್ವಾಸಕೋಶದ ಹೊರಪೊರೆ) ಅಂಟಿದಂತಿದ್ದು ಜೇನುಗೂಡು ಕಂಡರೆ ಅದು ಯುಐಪಿ ಎಂದು ಹೆಸರಿಟ್ಟ ಕಲೆಯ ನಮೂನೆ. ಐಪಿಎಫ್‌ನ (ಕಾರಣ ಗೊತ್ತಾಗದೆ ಶ್ವಾಸಕೋಶದಲ್ಲಿ ಕಲೆ ಬೆಳೆಯುವ ಕಾಯಿಲೆ) ಮುಖ್ಯ ಗುರುತು. ಗೂಡುಗಳು ಸಾಮಾನ್ಯವಾಗಿ 3ರಿಂದ 10 ಮಿ.ಮೀ., ಗೋಡೆ ದಪ್ಪ, ಒಂದರ ಮೇಲೊಂದು ಪೇರಿಸಿದ ಹಾಗೆ. ಬೀಡಿ ಸೇದುವವರಲ್ಲಿ ಮೇಲ್ಭಾಗದ ಅಂಚಿನಲ್ಲಿ ಒಂದೇ ಸಾಲಿನ, ತೆಳುಗೋಡೆಯ ಗುಳ್ಳೆಗಳಿದ್ದರೆ ಅದು ಜೇನುಗೂಡಲ್ಲ, ಎಂಫಿಸೀಮಾ (ಗಾಳಿಚೀಲಗಳ ಗೋಡೆ ಹಾಳಾಗುವ ಕಾಯಿಲೆ). ಹಳೆಯ ಟಿ.ಬಿ. ಕಲೆ ಹೆಚ್ಚಾಗಿ ಮೇಲ್ತುದಿಯಲ್ಲಿ, ಎರಡೂ ಕಡೆ ಒಂದೇ ಸಮನಾಗಿರುವುದಿಲ್ಲ.

ಗಾಜು ಮಸುಕಾದಂಥ ಬಿಳುಪು ಕಂಡ ಕೂಡಲೇ ಉರಿಯೂತ ಎನ್ನಬೇಡಿ. ಅದರೊಳಗಿನ ಗಾಳಿಕೊಳವೆಗಳು ಎಳೆದು ಸೊಟ್ಟಗಾಗಿ ಅಗಲವಾಗಿದ್ದರೆ ಅದೂ ಸಣ್ಣ ಕಲೆಯೇ. ಸ್ಟಿರಾಯ್ಡ್ ಕೊಟ್ಟರೂ ಕರಗದು.

ಬಿಳಿ, ಬೂದು, ಕಪ್ಪು ತೇಪೆಗಳು ಅಕ್ಕಪಕ್ಕ ಇದ್ದು, ಉಸಿರು ಬಿಟ್ಟಾಗ ತೆಗೆದ ಚಿತ್ರದಲ್ಲಿ ಕಪ್ಪು ತೇಪೆ ಹಾಗೇ ಉಳಿದರೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಆಗ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ (ಉಸಿರಲ್ಲಿ ಒಳಹೋದ ಬೂಷ್ಟು, ಹಕ್ಕಿಯ ಧೂಳಿಗೆ ಶ್ವಾಸಕೋಶ ಅಲರ್ಜಿಯಂತೆ ಉರಿಯುವ ಕಾಯಿಲೆ) ನೆನಪಾಗಬೇಕು. ಬೂಷ್ಟು ಹಿಡಿದ ಹುಲ್ಲು, ಪಾರಿವಾಳದ ಗೂಡು ಎಲ್ಲ ಕೇಳಲೇಬೇಕು. ಮಳೆಗಾಲದ ಕೊಟ್ಟಿಗೆ ಫಿಲ್ಮಿನಲ್ಲಿ ಕಾಣುವುದಿಲ್ಲ. ಸ್ಕ್ಯಾನ್ ಚೀಟಿಯಲ್ಲಿ ಬರೆದಿದ್ದರೆ ಮಾತ್ರ ಓದುವ ರೇಡಿಯಾಲಜಿಸ್ಟ್‌ಗೆ ಗೊತ್ತು.

ಕೊನೆಗೆ ಹೋಲಿಕೆ. ಹಳೆಯ ಸಿ.ಡಿ.ಯನ್ನೇ ತನ್ನಿ, ಫಿಲ್ಮಿನಲ್ಲಿ ಎಲ್ಲ ಹೋಳುಗಳೂ ಇರುವುದಿಲ್ಲ. ಶ್ವಾಸನಾಳ ಕವಲೊಡೆಯುವ ಮಟ್ಟವನ್ನು ಎರಡರಲ್ಲೂ ಹೊಂದಿಸಿಕೊಂಡು ಅಲ್ಲಿಂದ ಕೆಳಕ್ಕೆ ಹೋಳು ಹೋಳಾಗಿ ನೋಡುತ್ತ ಬರಬೇಕು. ಪಕ್ಕದಲ್ಲಿ ಎಫ್‌ವಿಸಿ (ಉಸಿರು ತುಂಬಿಕೊಂಡು ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿಯ ಅಳತೆ) ಚೀಟಿಯೂ ಇರಲಿ.