ಮಧ್ಯಾಹ್ನದ ಚಾರ್ಜು: ಬ್ಯಾಟರಿ ಬಸ್ಸಿಗೆ ಟ್ರಾಲಿ ಬಸ್ಸಿನ ಬುದ್ಧಿ

ರಾತ್ರಿ ಎಲ್ಲ ಬ್ಯಾಟರಿ ಬಸ್ಸಿಗೂ ಒಟ್ಟಿಗೆ ಗನ್ (ಚಾರ್ಜರಿನ ಪ್ಲಗ್) ಹಾಕಿದರೆ ಏನಾಗುತ್ತೆ ಅಂತ ಬೆಂಗಳೂರಿನ ಡಿಪೋದವರಿಗೆ ಹೇಳಬೇಕಿಲ್ಲ. ನಮ್ಮಲ್ಲಿ 20 ಬಸ್ಸು, 240 ಕಿಲೋವ್ಯಾಟ್‌ನ ಆರು ಚಾರ್ಜರ್. ಎಲ್ಲಾ ಓಡಿದರೆ ಲೋಡು 1,400 ದಾಟುತ್ತೆ. ಯೂನಿಟ್ ದರಕ್ಕಿಂತ ಡಿಮ್ಯಾಂಡ್ ಚಾರ್ಜೇ, ಅಂದ್ರೆ ಒಮ್ಮೆಗೆ ಎಳೆಯುವ ಗರಿಷ್ಠ ಲೋಡಿಗೆ ಕಟ್ಟುವ ದುಡ್ಡೇ, ಜಾಸ್ತಿ ಸುಡುತ್ತಿತ್ತು.

"ಮಧ್ಯಾಹ್ನವೂ ಸ್ವಲ್ಪ ತುಂಬಿಸೋಣ" ಅಂದೆ. "ಟ್ರಿಪ್ ಕಟ್ ಆಗುತ್ತಲ್ರೀ, ಕಿಲೋಮೀಟರಿಗೆ ದುಡ್ಡು ಬರೋದು" ಅಂತ ಮ್ಯಾನೇಜರ್ ತಳ್ಳಿಹಾಕಿದರು. "ಇದಕ್ಕಿಂತ ಟ್ರಾಲಿ ಬಸ್ಸೇ ವಾಸಿ" ಅಂತ ಇನ್ನೊಬ್ಬರ ಕೊಂಕು. ಮೇಲಿನ ತಂತಿಯಿಂದ ಕರೆಂಟು ಎಳೆದು ಓಡುವ ಟ್ರಾಲಿ ಬಸ್ಸು ಒಳ್ಳೆಯದೇ. ಮುಂಬೈಯಲ್ಲಿ 1962ರಿಂದ 1971ರವರೆಗೆ ಓಡಿದೆ. ಆದರೆ ನಮ್ಮ ಮರ, ಮೆಟ್ರೋ ಕಂಬ, ಗಣೇಶನ ಮೆರವಣಿಗೆಗಳ ನಡುವೆ ತಂತಿ ಎಳೆಯೋರು ಯಾರು? ಯುರೋಪಿನ ಪ್ರಾಗ್ ನಗರದಲ್ಲಿ 2017ರಲ್ಲಿ ಶುರುವಾದ ಟ್ರಾಲಿ ಬಸ್ ಮಾರ್ಗದಲ್ಲಿ ಮೊದಲಿಗೆ ತಂತಿ ಇದ್ದದ್ದು ಏರು ರಸ್ತೆಯ ಸ್ವಲ್ಪ ದೂರಕ್ಕೆ ಮಾತ್ರ. ಅಲ್ಲಿ ಓಡುತ್ತಲೇ ಚಾರ್ಜು, ಉಳಿದದ್ದು ಬ್ಯಾಟರಿ ಮೇಲೆ. ಆಗಾಗ ಸ್ವಲ್ಪ ಸ್ವಲ್ಪ ಕುಡಿಸೋದು, ಅಷ್ಟೇ. ನಾನು ಹಿಡಿದದ್ದು ಆ ಬುದ್ಧಿಯನ್ನು.

ಮೊದಲ ವಾರಗಳು ಸೋತವು. ಬಸ್ಸು ಲೇಟು, ಚಾರ್ಜರ್ ಮುಂದೆ ಕ್ಯೂ. ಶೇ 80 ದಾಟಿದ ಬಸ್ಸು ನಿಧಾನವಾಗಿ ಎಳೆಯುತ್ತಾ ಗನ್ ಬಿಡಲ್ಲ, ಶೇ 30ರದ್ದು ಕಾಯುತ್ತಾ ನಿಲ್ಲುತ್ತೆ. 80 ಆಯ್ತಾ, ಗನ್ ತೆಗಿ ಅಂತ ರೂಲು ಮಾಡಿದೆ. ಏಪ್ರಿಲ್ ಬಿಸಿಲಲ್ಲಿ ಬ್ಯಾಟರಿ ಕಾದು ಕರೆಂಟು ತಾನಾಗೇ ಇಳಿಯುತ್ತಿತ್ತು. ಚಾರ್ಜರ್ ಮೇಲೆ ಶೀಟು ಹಾಕಿಸಿ ನೆರಳು ಮಾಡಿದೆವು. ಒಂದು ಗನ್ ಸುಮ್ನೆ ಫಾಲ್ಟ್ ತೋರಿಸುತ್ತಿತ್ತು. ಟೆಕ್ನಿಷಿಯನ್ ಬೋರ್ಡೇ ಬದಲಿಸಬೇಕು ಅಂದ. ಟಾರ್ಚ್ ಬಿಟ್ಟು ನೋಡಿದರೆ ಪಿನ್ ಸುತ್ತ ಧೂಳು, ಲಾಕ್ ಪೂರ್ತಿ ಕೂರುತ್ತಿರಲಿಲ್ಲ. ಸಪ್ಲೈ ಆಫ್ ಮಾಡಿಸಿ ಒಣ ಬ್ರಷ್‌ನಲ್ಲಿ ತೆಗೆಸಿದೆ, ಅಷ್ಟಕ್ಕೇ ಸರಿಹೋಯ್ತು.

ಈ ನಡುವೆ ಇನ್ನೊಂದು ಪ್ರಯೋಗ. ಅದೇ ಬಸ್ಸು, ಅದೇ ರೂಟು, ಡ್ರೈವರ್ ಮಾತ್ರ ಬೇರೆ. ಬ್ರೇಕನ್ನು ಮೆಲ್ಲಗೆ, ಮೊದಲೇ ಒತ್ತಿದರೆ ಮೋಟರೇ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ವಾಪಸ್ ಕೊಡುತ್ತೆ. ಹಾಗೆ ಒತ್ತುವವರ ಕೈಯಲ್ಲಿ ಕಿಲೋಮೀಟರಿಗೆ 1.1 ಯೂನಿಟ್, ಒಮ್ಮೆಲೇ ತುಳಿಯುವವರದ್ದು 1.3ರ ಹತ್ತಿರ. ಎಸಿಯನ್ನು 25ಕ್ಕೆ ಇಟ್ಟಿದ್ದಕ್ಕಿಂತ ಇದರಿಂದಲೇ ಜಾಸ್ತಿ ಉಳಿಯಿತು.

ಈಗ ಮಧ್ಯಾಹ್ನ ಡ್ರೈವರ್‌ಗಳ ಊಟದ ಹೊತ್ತಿಗೆ ಬಸ್ಸಿಗೆ ಅರವತ್ತು ಯೂನಿಟ್‌ನಷ್ಟು ಹೋಗುತ್ತೆ. ಟ್ರಿಪ್ ಒಂದೂ ಕಟ್ ಆಗಿಲ್ಲ. ರಾತ್ರಿ ಲೋಡು ಏಳುನೂರರ ಒಳಗೆ, ತಿಂಗಳಿಗೆ ಲಕ್ಷದ ಮೇಲೆ ಉಳಿತಾಯ. ಯಾವ ಬಸ್ಸಿಗೆ ಮೊದಲು ಗನ್ ಹಾಕಬೇಕು ಅನ್ನೋ ಪಟ್ಟಿ ಮಾತ್ರ ನನ್ನ ಹತ್ತಿರವೇ ಇರಲಿ. ಮ್ಯಾನೇಜರ್ ಈಗ ಪಕ್ಕದ ಡಿಪೋದವರಿಗೆ ಇದನ್ನೇ ವಿವರಿಸುತ್ತಾರೆ, ತಮ್ಮದೇ ಐಡಿಯಾ ಅನ್ನೋ ಥರ! ಬಸ್ ಸ್ಟ್ಯಾಂಡಿನಲ್ಲಿ ಇನ್ನೆರಡು ಚಾರ್ಜರ್‌ಗೆ ಜಾಗ ಕೇಳಿದ್ದೇನೆ.